ಅಣ್ಣನ ಮಾತಿಗೆ ಕೊಂಡ ಯುದ್ಧವಿಮಾನ

ಭಾಂಡುಪ್

೧೯೪೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಕ್ಲಾಸಿನ ಪರೀಕ್ಷೆಗೆ ಕೂರುವ ಮೊದಲೇ ಅಪ್ಪ ತೀರಿಕೊಂಡರು. ಆ ಮಳೆಗಾಲ ಮುಗಿದ ಮೇಲೆ ಉಡುಪಿಯ ಕಡೆಯಿಂದ ಬೊಂಬಾಯಿಗೆ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆದೆ, ರುಬ್ಬುವ ಕಲ್ಲು ತಿರುಗಿಸಿದೆ, ಭಟ್ಟರ ಕೈಕೆಳಗೆ ಸಾಂಬಾರಿಗೆ ನಿಂತೆ. ಹತ್ತು ವರ್ಷ ಕಳೆಯುವುದರೊಳಗೆ ಭಾಂಡುಪಿನ ಒಂದು ಕಾರ್ಖಾನೆಯ ಕ್ಯಾಂಟೀನನ್ನು ಸ್ವಂತ ನಡೆಸತೊಡಗಿದೆ. ಇದನ್ನು ಜಂಬಕ್ಕೆ ಬರೆಯುತ್ತಿದ್ದಾನೆ ಎಂದು ಓದುಗರು ತಿಳಿದರೆ ತಿಳಿಯಲಿ. ಜಂಬ ಪಡಲು ನನಗೆ ಹಕ್ಕಿದೆ.

ನಾನು ಬಿಟ್ಟ ಓದನ್ನು ತಮ್ಮ ರಘುರಾಮ ಓದಿದ. ನನಗಿಂತ ಆರು ವರ್ಷ ಚಿಕ್ಕವನು. ಅವನನ್ನು ಕರೆಸಿಕೊಂಡು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಅಕ್ಕಿ ಮೂಟೆಗಳ ನಡುವೆ ಕೂರಿಸಿ ಓದಿಸಿದೆ. ಅವನು ವಿಮಾನದಳ ಸೇರಿ ಯುದ್ಧವಿಮಾನದ ಪೈಲಟ್ ಆದ. ಅರವತ್ತೈದರ ಯುದ್ಧದಲ್ಲಿ ಹಂಟರ್ ಎಂಬ ವಿಮಾನ ಹಾರಿಸಿ ಜೀವಂತ ಮರಳಿದ. ಆ ವರ್ಷ ನಮ್ಮ ಚಾಳಿನವರು ನನ್ನ ಹೆಸರನ್ನೇ ಮರೆತರು. ಎಲ್ಲರಿಗೂ ನಾನು ಪೈಲಟನ ಅಣ್ಣ, ‘ಪೈಲಟ್‌ಚಾ ಭಾವೂ’. ಮುಂದೆ ಒಂದು ದಿನ ಕೆಟ್ಟ ವಿಮಾನದಿಂದ ಹೊರಗೆ ಹಾರಿಕೊಳ್ಳಬೇಕಾಗಿ ಬಂದು ಅವನ ಬೆನ್ನುಮೂಳೆಗೆ ಪೆಟ್ಟಾಯಿತು. ನೌಕರಿ ಬಿಟ್ಟ. ಕೊಲ್ಲಿಯ ಒಂದು ಸಣ್ಣ ದೇಶ ತನ್ನ ಎಳೆಯ ಪೈಲಟರಿಗೆ ಪಾಠ ಹೇಳಲು ಅವನನ್ನು ಕರೆಯಿತು. ಆ ದೇಶದ ಹೆಸರು ಬರೆಯಬೇಡಿ ಎಂದಿದ್ದಾನೆ, ಬರೆಯುವುದಿಲ್ಲ.

ಮನೆಯೊಳಗೆ ನಾವಿಬ್ಬರೂ ಕಾಗೆಗಳ ಹಾಗೆ ಕಚ್ಚಾಡುವವರು. ಮೀನಿನ ಸಾರಿಗೆ ಹುಣಿಸೆಯೋ ಬಿಂಬುಳಿಯೋ ಎಂಬುದರಿಂದ ಹಿಡಿದು ಪ್ರಧಾನಮಂತ್ರಿಯವರೆಗೆ ಎಲ್ಲದಕ್ಕೂ ವಾದ. ಆದರೆ ಹೊರಗಿನವರು ಇದ್ದಾಗ ಅವನು ನನ್ನ ಮಾತಿಗೆ ಎದುರಾಡಿದವನಲ್ಲ. ನಮ್ಮಲ್ಲಿ ಅದು ಕ್ರಮ.

೧೯೭೪ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಒಲೆ ಆರಿದ ಕ್ಯಾಂಟೀನಿನಲ್ಲಿ ಕೂತು ಏನು ಮಾಡುವುದು? ‘ಒಮ್ಮೆ ಬಂದು ಹೋಗಿ’ ಎಂದು ರಘು ಬರೆದದ್ದಕ್ಕೆ ಹೂಂ ಎಂದೆ. ಹೊರಡುವ ವಾರ ಅವನ ಹೆಂಡತಿ ಶಾಂತಾ ಗೋರೆಗಾಂವಿನಿಂದ ಮಗಳನ್ನು ಕರೆದುಕೊಂಡು ಬಂದಳು. ಉಪ್ಪಿನಕಾಯಿ ಭರಣಿ, ಹಪ್ಪಳ, ಇಂಗಿನ ಡಬ್ಬಿ ತಂದಿದ್ದಳು.

“ಭಾವ, ಅವರ ಕಾಂಟ್ರಾಕ್ಟು ಮಳೆಗಾಲಕ್ಕೆ ಮುಗೀತದೆ. ಮುಂದುವರಿಸಿದ್ರೆ ನಮ್ಮನ್ನೂ ಕರೆಸಿಕೊಳ್ತಾರಂತೆ. ಇವಳು ಅಪ್ಪನನ್ನ ಫೋಟೋದಲ್ಲಿ ನೋಡಿಯೇ ದೊಡ್ಡವಳಾಗ್ತಾ ಇದ್ದಾಳೆ. ಎಂತಾದ್ರೂ ಹೇಳಿ ಅವರು ಅಲ್ಲಿಯೇ ನಿಲ್ಲುವ ಹಾಗೆ ಮಾಡಿ.”

“ನಾನು ಹೇಳಿದ ಮೇಲೆ ಆಯ್ತಲ್ಲ” ಎಂದೆ.

ಹಡಗು

ಬ್ಯಾಲಾರ್ಡ್ ಪಿಯರಿನಿಂದ ಹಡಗು. ನಾವು ಡೆಕ್ಕಿನ ಮೇಲೆ ಚಾಪೆ ಹಾಸಿದ ಜನ. ನನ್ನ ಪಕ್ಕದ ಚಾಪೆ ಬಿಜಾಪುರದ ಕಡೆಯ ಗುರುಲಿಂಗಪ್ಪನದು. ಗಾರೆ ಕೆಲಸದವನು, ಮುಲುಂಡಿನಲ್ಲಿ ಬಿಲ್ಡಿಂಗುಗಳನ್ನು ಕಟ್ಟಿ ಕಟ್ಟಿ ಈಗ ಅರಬರಿಗೆ ಕಟ್ಟಲು ಹೊರಟಿದ್ದ.

“ಯಜಮಾನ್ರ, ನೀವ್ಯಾವ ಕಂಪನಿಗಿ ಹೊಂಟೀರಿ?”

“ಕಂಪನಿ ಅಲ್ಲ. ತಮ್ಮನ ಮನೆಗೆ. ಅವ ಅಲ್ಲಿ ಪೈಲಟ್.”

“ಹೌದ? ವಿಮಾನ ಹಾರಸಾಂವನ ಅಣ್ಣ ಹಡಗಿನ್ಯಾಗ ಯಾಕ ಹೊಂಟಾನ್ರೀ ಮತ್ತ?”

ಸುತ್ತ ಕೂತವರೆಲ್ಲ ನಕ್ಕರು. ಉಪ್ಪಿನಕಾಯಿ ಭರಣಿಯನ್ನು ವಿಮಾನದಲ್ಲಿ ಬಿಡುವುದಿಲ್ಲ ಎಂದು ಹೇಳಿ ಮಾನ ಉಳಿಸಿಕೊಂಡೆ. ನಿಜ ಸಂಗತಿ ಬೇರೆ. ವಿಮಾನ ಹತ್ತಲು ನನಗೆ ಹೆದರಿಕೆ. ಸಾಂತಾಕ್ರೂಜ್‌ಗೆ ತಮ್ಮನನ್ನು ಬಿಡಲು ಹೋದಾಗಲೂ ಕಟಕಟೆಯ ಈಚೆ ನಿಂತೇ ಕೈಬೀಸಿದವನು ನಾನು.

ಆದರೆ ಸಮುದ್ರವೂ ನನಗೆ ಮರ್ಯಾದೆ ಕೊಡಲಿಲ್ಲ. ಮರುದಿನದಿಂದ ತಲೆ ಎತ್ತಲಾಗದೆ ಕಕ್ಕಿದೆ. ಬೊಂಬಾಯಿಗೆ ಬರುವವರೆಗೆ ಕೆರೆಗಿಂತ ದೊಡ್ಡ ನೀರನ್ನೇ ಕಾಣದಿದ್ದ ಗುರುಲಿಂಗಪ್ಪ ಮಾತ್ರ ಕಾಲು ಚಾಚಿ ಕೂತು ರೊಟ್ಟಿ ಮುರಿಯುತ್ತಿದ್ದ.

“ಏನ್ರೀ ಇದು, ಸಮುದ್ರದ ದಂಡಿಮ್ಯಾಲೆ ಹುಟ್ಟೀನಿ ಅಂತಿದ್ರಿ?”

“ದಂಡೆ ಮೇಲೆ ಹುಟ್ಟಿದ್ದು ಮಾರಾಯ, ಒಳಗೆ ಅಲ್ಲ!”

ಅವನು ನನ್ನ ತಲೆ ಎತ್ತಿ ಹಿಡಿದು ರೊಟ್ಟಿಯ ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟ. ಅದೊಂದೇ ಹೊಟ್ಟೆಯಲ್ಲಿ ನಿಂತದ್ದು. ಬಂದರಿನಲ್ಲಿ ಇಳಿಯುತ್ತಲೇ ಅವನನ್ನು ಒಂದು ಲಾರಿಗೆ ಹತ್ತಿಸಿಕೊಂಡು ಹೋದರು. ಹೆಸರು ಬಿಟ್ಟರೆ ವಿಳಾಸ ಕೇಳಿಕೊಂಡಿರಲಿಲ್ಲ. ಆ ಮೇಲೆ ಅವನನ್ನು ಕಂಡಿಲ್ಲ.

ತಮ್ಮನ ಮನೆ

ಕಸ್ಟಮ್ಸಿನವನು ಇಂಗಿನ ಡಬ್ಬಿ ತೆರೆದು ಮೂಸಿದವನೇ ಎರಡು ಹೆಜ್ಜೆ ಹಿಂದೆ ಸರಿದ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿ ಮತ್ತೊಬ್ಬನನ್ನು ಕರೆದ. ನಾನು ಹಿಂದಿಯಲ್ಲಿ ‘ಖಾನೇ ಕಾ, ಖಾನೇ ಕಾ’ ಎಂದರೆ, ಇದನ್ನು ತಿನ್ನುವ ಮನುಷ್ಯರೂ ಇದ್ದಾರೆಯೇ ಎಂಬಂತೆ ನೋಡಿದರು. ರಘು ಬಂದು, ಹೊಟ್ಟೆಯ ವಾಯುವಿಗೆ ಔಷಧ ಎಂದು ಅವರ ಭಾಷೆಯಲ್ಲಿ ಹೇಳಿದ. ದೊಡ್ಡ ಅಧಿಕಾರಿ ತನ್ನ ಅತ್ತೆಗೆಂದು ಒಂದು ಚೂರು ಕೇಳಿ ಕಾಗದದಲ್ಲಿ ಕಟ್ಟಿಕೊಂಡ ಮೇಲೆ ನಮ್ಮನ್ನು ಬಿಟ್ಟರು.

ರಸ್ತೆಯಲ್ಲಿ ಜನವೇ ಇಲ್ಲ. ಹಿಂದಿನಿಂದ ತಳ್ಳುವವರಿಲ್ಲ, ಕಾಲು ತುಳಿಯುವವರಿಲ್ಲ. ಲೋಕಲಿನಲ್ಲಿ ಬೆವರಿನವರ ನಡುವೆ ನಿಂತು ಅಭ್ಯಾಸವಾದ ಮೈಗೆ ಎರಡೇ ದಿನದಲ್ಲಿ ಏನೋ ಕಳೆದುಕೊಂಡಂತಾಯಿತು. ತಮ್ಮನ ಮನೆಯ ಕಿಟಕಿ ತೆರೆಯುವಂತಿಲ್ಲ. ಗೋಡೆಯಲ್ಲಿ ಒಂದು ಪೆಟ್ಟಿಗೆ ಹಗಲಿರುಳು ಗುಂಯ್ ಎನ್ನುತ್ತ ತಣ್ಣಗಿನ ಗಾಳಿ ಬಿಡುತ್ತಿತ್ತು.

ಅವನಿಗೆ ಇಡ್ಲಿ ಮಾಡಿ ಬಡಿಸಬೇಕೆಂದು ಉದ್ದು ನೆನೆಸಿ ರುಬ್ಬಿಟ್ಟೆ. ಇಷ್ಟು ಅಕ್ಕಿಗೆ ಇಷ್ಟು ಉದ್ದು ಎಂದು ಸೇರಿನಲ್ಲಿ ಅಳೆದು ನನಗೆ ಗೊತ್ತಿಲ್ಲ. ನನ್ನ ಕೈಗೆ ಗೊತ್ತು. ಬೆಳಗ್ಗೆ ನೋಡಿದರೆ ಹಿಟ್ಟು ಇಟ್ಟ ಹಾಗೆಯೇ, ಗೋಡೆಗೆ ಬಳಿಯುವ ಸುಣ್ಣದಂತೆ ಮಲಗಿದೆ. ಹಟ ಹಿಡಿದು ಬೇಯಿಸಿದೆ.

ರಘು ಒಂದನ್ನು ಎತ್ತಿ ಮೇಜಿಗೆ ಕುಟ್ಟಿದ. “ಅಣ್ಣ, ಇದನ್ನ ರನ್‌ವೇಗೆ ಹಾಸಬಹುದು.”

“ನಿನ್ನ ಈ ಐಸಿನ ಪೆಟ್ಟಿಗೆಯೊಳಗೆ ಹಿಟ್ಟು ಬಿಡು, ಮನುಷ್ಯನೇ ಉಬ್ಬುವುದಿಲ್ಲ.”

“ಭಾಂಡುಪಿನ ಕೈ, ಇಲ್ಲಿಯ ಹವೆ” ಎಂದು ನಗುತ್ತ ಎಲ್ಲವನ್ನೂ ತಿಂದ. (ಮನೆಯಲ್ಲಿ ನಾವು ಆಡುವುದು ತುಳು, ಓದುಗರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ಎರಡು ಗೆರೆ

ತಿಂಡಿಯ ತಟ್ಟೆಗಳನ್ನು ಸರಿಸಿ ಅವನು ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹಾಸಿದ. ಅದರಲ್ಲಿ ಬಾಗಿದ ಎರಡು ಗೆರೆ, ಒಂದು ನೀಲಿ, ಒಂದು ಕೆಂಪು.

“ಇದೆಂತದು, ಎರಡು ಗುಡ್ಡ ಬರೆದಿಟ್ಟಿದ್ದಿ?”

“ಅಡ್ಡಕ್ಕೆ ವೇಗ ಅಣ್ಣ. ಮೇಲಕ್ಕೆ, ಆ ವೇಗದಲ್ಲಿ ಎಷ್ಟು ಚುರುಕಾಗಿ ತಿರುಗಬಹುದು ಅಂತ. ನೀಲಿ ಹಂಟರ್. ಕೆಂಪು ಹೊಸದು, ತ್ರಿಕೋನ ರೆಕ್ಕೆಯದ್ದು.”

ಆ ದೇಶ ಯುದ್ಧವಿಮಾನ ಕೊಳ್ಳುವುದರಲ್ಲಿತ್ತು. ಹಳೆಯ ಹಂಟರುಗಳನ್ನು ಹೊಸದು ಮಾಡಿ ಮಾರುವವರು ಒಂದು ಕಡೆ, ಶಬ್ದಕ್ಕಿಂತ ವೇಗವಾಗಿ ಹಾರುವ ಹೊಸ ವಿಮಾನದವರು ಇನ್ನೊಂದು ಕಡೆ. ಕೊಳ್ಳುವ ಭಾರ ಹೊತ್ತಿದ್ದ ಮೇಜರ್ ಸಾಹೇಬರು ರಘುವಿನ ಅಭಿಪ್ರಾಯ ಕೇಳಿದ್ದರು. ಶನಿವಾರ ಬರೆದು ಕೊಡಬೇಕು.

ನಿಧಾನದ ಕಡೆಯಲ್ಲಿ ನೀಲಿ ಗೆರೆ ಮೇಲಿತ್ತು. ವೇಗ ಹೆಚ್ಚಿದಂತೆ ಕೆಂಪು ಗೆರೆ ಅದನ್ನು ದಾಟಿ, ನೀಲಿ ಮುಗಿದ ಮೇಲೂ ಬಹುದೂರ ಹೋಗುತ್ತಿತ್ತು. ಅಷ್ಟು ನನಗೂ ತಿಳಿಯಿತು.

“ಹಾಗಾದ್ರೆ ನಿಧಾನ ಹೋದ್ರೆ ನೀನೇ ಗೆಲ್ಲುವುದಲ್ಲವಾ?”

“ಎದುರಿನವನೂ ನಿಧಾನಕ್ಕೆ ಬಂದ್ರೆ.”

“ಬರದೆ ಏನು? ಅರವತ್ತೈದರಲ್ಲಿ ನಿನ್ನ ಎದುರು ಒಬ್ಬ ಬಂದಿದ್ದನಲ್ಲ?”

ಅವನು ಎರಡೂ ಅಂಗೈ ಎತ್ತಿದ. ಪೈಲಟರು ಮಾತಾಡುವುದು ಅಂಗೈಯಲ್ಲಿ. ಬಲಗೈ ಅವನು, ಹಿಂದೆ ಬೆನ್ನಟ್ಟುವ ಎಡಗೈ ಶತ್ರು. ಬಲಗೈ ಗಕ್ಕನೆ ಒಳಕ್ಕೆ ತಿರುಗಿತು. ಎಡಗೈಯೂ ತಿರುಗಲು ಹೋಗಿ, ತಿರುಗಲಾರದೆ ಅಗಲಕ್ಕೆ ಜಾರಿ, ಬಲಗೈಯ ಮುಂದೆ ಬಂದುಬಿಟ್ಟಿತು.

“ಇಲ್ಲಿ. ಇಲ್ಲಿ ಅವ ತಿರುಗಿದ. ತಿರುಗಬಾರದಿತ್ತು. ನನಗಿಂತ ವೇಗ ಇತ್ತು ಅವನಲ್ಲಿ. ಸೀದಾ ಮೇಲೆ ಹೋಗಿ, ಮತ್ತೆ ಇಳಿದು ಬಂದಿದ್ರೆ ನಾನಿಲ್ಲ. ಅವನ ತಪ್ಪು ಅಣ್ಣ, ಅದು ನನ್ನ ಅನುಭವ ಆಯ್ತು.”

“ಅನುಭವ ಅನುಭವವೇ. ನನ್ನಲ್ಲಿಗೂ ಒಬ್ಬ ಬಂದಿದ್ದ, ಅಡುಗೆ ಕಾಲೇಜಿನಲ್ಲಿ ಓದಿದವ, ಅಳತೆ ಕಾಗದ ಹಿಡ್ಕೊಂಡು. ಅವನ ಸಾಂಬಾರು ತಿಂದು ಕೆಲಸಗಾರರು ತಟ್ಟೆ ಬಿಸಾಡಿದ್ರು.”

“ನಿಮ್ಮ ಸಾಂಬಾರು ಕೆಟ್ಟರೆ ತಿಂದವರು ಬಂದು ಬೈತಾರೆ. ವಿಮಾನ ಕೆಟ್ಟದ್ದು ಅಂತ ಹೇಳಬೇಕಾದವರು ಹೇಳ್ಲಿಕ್ಕೆ ಬರುವುದೇ ಇಲ್ಲ. ಹಂಟರ್ ಒಳ್ಳೇದು ಅನ್ನುವವರೆಲ್ಲ ಅದರಿಂದ ಇಳಿದು ಬಂದವರು. ನಾನೂ ಇಳಿದು ಬಂದವ. ಇಳಿಯದವರ ಅನುಭವ ಯಾರ ಹತ್ತಿರ ಉಂಟು?”

ಸೋಲುವುದು ನನ್ನ ಜಾಯಮಾನವಲ್ಲ. “ಹಾಗಾದ್ರೆ ಮಾರುವವನೇ ಬರೆದ ಕಾಗದ ಸತ್ಯವಾ?”

“ಅಲ್ಲ. ಅದಕ್ಕೇ ಕೂತು ತಿದ್ದಿದ್ದು. ಅವರು ಬರೆದದ್ದು ತಣ್ಣಗಿನ ದೇಶದಲ್ಲಿ. ಇಲ್ಲಿಯ ಸೆಕೆಗೆ ಎಂಜಿನಿನ ಬಲ ಇಳೀತದೆ, ಗೆರೆ ಇಳಿಸಿದೆ. ಹೊಸದರಲ್ಲಿ ಕೂತವನಿಗೆ ಬೆನ್ನ ಹಿಂದೆ ಸರಿಯಾಗಿ ಕಾಣುವುದಿಲ್ಲ, ನೆಲಕ್ಕೆ ಇಳಿಯುವಾಗ ವೇಗ ಜಾಸ್ತಿ, ಎಳೆಯರಿಗೆ ಕಷ್ಟ. ಅದನ್ನ ಕಾಗದ ಹೇಳುವುದಿಲ್ಲ, ನನ್ನ ಬೆನ್ನು ಹೇಳ್ತದೆ. ಅದನ್ನೂ ಕಳೆದೆ. ಎಲ್ಲ ಕಳೆದ ಮೇಲೂ ಕೆಂಪೇ ಮೇಲೆ ಉಳೀತದೆ ಅಣ್ಣ. ಹಂಟರ್ ಅಂದ್ರೆ ನನಗೆ ಪ್ರಾಣ. ಆದ್ರೆ ನನ್ನ ಪ್ರೀತಿಗೆ ಈ ಹುಡುಗರನ್ನ ಅದರಲ್ಲಿ ಕೂರಿಸ್ಲಿಕ್ಕೆ ಆಗ್ತದಾ?”

“ಕೆಂಪು ಬಂದ್ರೆ ನಿನ್ನ ಗತಿ?”

“ಕಲಿಸುವವರೂ ಅದರ ಜೊತೆಗೇ ಬರ್ತಾರೆ. ನಾನು ಮನೆಗೆ.”

“ಶಾಂತಾ ಕಾಯ್ತಾ ಇದ್ದಾಳೆ ಮಾರಾಯ. ಮಗಳು…”

ಅವನು ಹಾಳೆಯನ್ನು ಸುತ್ತಿ ಎತ್ತಿಟ್ಟ.

ಶುಕ್ರವಾರದ ಊಟ

ಶುಕ್ರವಾರ ನಮಾಜಿನ ನಂತರ ಮೇಜರರ ಮನೆಯಲ್ಲಿ ಊಟ. ರಘುವಿನ ಅಣ್ಣ ಬಂದಿದ್ದಾರೆಂದು ತಿಳಿದು ನನ್ನನ್ನೂ ಕರೆದಿದ್ದರು. ಮೇಜರ್ ಎತ್ತರದ, ಗಡುಸು ಮುಖದ ಆಸಾಮಿ. ಅವರು ನಡೆದರೆ ವಿಮಾನನೆಲೆಯ ನಾಯಿಗಳೂ ಎದ್ದು ನಿಲ್ಲುತ್ತವೆ ಎಂದು ರಘು ಹೇಳಿದ್ದ. ಆದರೆ ಒಳಗಿನಿಂದ ಕೋಲೂರಿಕೊಂಡು ಒಬ್ಬ ಮುದುಕರು ಬಂದದ್ದೇ ಆ ಮೇಜರ್ ದಡಕ್ಕನೆ ಎದ್ದರು. ಮುದುಕರ ಕೈಗೆ ನೀರು ಹೊಯ್ದರು, ಟವೆಲು ಕೊಟ್ಟರು. ಕೂತುಕೋ ಎನ್ನುವವರೆಗೆ ನಿಂತೇ ಇದ್ದರು.

ಅವರು ಮೇಜರರ ಅಣ್ಣ. ಎಲ್ಲರೂ ಹಾಜಿ ಸಾಹೇಬರೆನ್ನುತ್ತಿದ್ದರು. ಪ್ರಾಯದಲ್ಲಿ ಮುತ್ತು ಮಾರಲು ವರ್ಷಕ್ಕೊಮ್ಮೆ ಬೊಂಬಾಯಿಗೆ ಬರುತ್ತಿದ್ದವರು. ಅವರ ಬಾಯಲ್ಲಿ ನಮ್ಮ ಮಸ್ಜಿದ್ ಬಂದರಿನ ಹಿಂದಿ ಕೇಳಿ ನನಗೆ ಊರಿನವರು ಸಿಕ್ಕಂತಾಯಿತು.

“ಬೊಂಬಾಯಿಯಲ್ಲಿ ಎಲ್ಲಿ, ಭಾಯಿ?”

“ಭಾಂಡುಪ್.”

“ಅರೆ, ಅದು ಕಾಡಲ್ಲವೇ?”

“ಈಗ ಚಿಮಣಿಗಳ ಕಾಡು.”

ಒಂದೇ ದೊಡ್ಡ ಹರಿವಾಣದ ಸುತ್ತ ಕೂತು ಉಂಡೆವು. ಕಾಫಿ ಬಂತು, ಬೆರಳಿನಷ್ಟು ಕಹಿ ಕಾಫಿ. ನಾನು ಖಾಲಿ ಮಾಡಿದಷ್ಟೂ ಸುರಿಯುತ್ತಲೇ ಇದ್ದರು. ಬಿಟ್ಟರೆ ಅವಮಾನವಾದೀತೆಂದು ಕುಡಿಯುತ್ತಲೇ ಇದ್ದೆ. ಕೊನೆಗೆ ರಘು ನನ್ನ ಬಟ್ಟಲು ತೆಗೆದುಕೊಂಡು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ. ಸಾಕು ಎನ್ನಲು ಅಲ್ಲಿ ಅದೇ ಸನ್ನೆ. ಹಾಜಿ ಸಾಹೇಬರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕ ಮೇಲೆ ನನ್ನ ಕಡೆಗೆ ತಿರುಗಿ ಕೂತರು.

“ಭಾಯಿ, ನನ್ನ ತಮ್ಮ ಈ ವಿಮಾನಗಳ ಚಿಂತೆಯಲ್ಲಿ ನಿದ್ದೆ ಬಿಟ್ಟಿದ್ದಾನೆ. ದಿನಾ ಕಾಗದ ತಂದು ತೋರಿಸುತ್ತಾನೆ. ನನಗೆ ಆ ಗೆರೆ ಓದಲು ಬರುವುದಿಲ್ಲ. ನಿಮಗೆ?”

“ನನಗೂ ಬರುವುದಿಲ್ಲ.”

“ಹಾಗಾದರೆ ನಾವಿಬ್ಬರೂ ಮಾತಾಡಬಹುದು. ತಕ್ಕಡಿಗೆ ಹಾಕುವ ಮೊದಲೇ ನಾನು ಮುತ್ತನ್ನು ಬೆಳಕಿಗೆ ಹಿಡಿದು ಇದು ಇಂಥದ್ದು ಎನ್ನುತ್ತಿದ್ದೆ. ನಿಮ್ಮ ತಮ್ಮ ಅದರಲ್ಲಿ ಕೂತು ಯುದ್ಧ ಮಾಡಿದವನು. ನೀವು ಅವನ ಹಿರಿಯರು. ಹೇಳಿ, ನಿಮ್ಮ ಮನೆಯ ಮಾತು ಏನು?”

ಅಣ್ಣ ಮಾತಾಡುವಾಗ ಮೇಜರ್ ಮಾತಾಡುವಂತಿಲ್ಲ. ರಘುವಿನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ ಕೂತಿದ್ದ. ಹಿರಿಯರು ಹಿರಿಯರನ್ನು ಕೇಳಿದಾಗ ‘ನನ್ನನ್ನಲ್ಲ, ಕಿರಿಯನನ್ನು ಕೇಳಿ’ ಎನ್ನುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಶಾಂತಾಳ ಮುಖ ಕಣ್ಣೆದುರು ಬಂತು. ಸುಳ್ಳು ಹೇಳಿದೆ ಎಂದು ಯಾರೂ ತಿಳಿಯಬಾರದು. ನಾನು ನಂಬಿದ್ದನ್ನೇ ಹೇಳಿದೆ.

“ಹಾಜಿ ಸಾಹೇಬ್, ನನ್ನ ತಮ್ಮನನ್ನು ಜೀವಂತ ಮನೆಗೆ ತಂದುಕೊಟ್ಟ ವಿಮಾನ ಅದು. ನನಗೆ ಬೇರೆ ಲೆಕ್ಕ ಬೇಡ. ಹಂಟರ್.”

ಹಾಜಿ ಸಾಹೇಬರು ತೊಡೆ ತಟ್ಟಿದರು. “ಬಸ್. ಖಲಾಸ್.”

ಮೇಜರ್ ನಿಟ್ಟುಸಿರು ಬಿಟ್ಟರು. ಅದು ಭಾರ ಇಳಿದವರ ಉಸಿರಿನಂತಿತ್ತು. ರಘುವಿನ ಎರಡೂ ಅಂಗೈ ಅವನ ಮೊಣಕಾಲುಗಳ ಮೇಲೆ ಕವುಚಿಕೊಂಡಿದ್ದವು. ಅವು ಅಲ್ಲಾಡಲಿಲ್ಲ.

ಜೀಪಿನಲ್ಲಿ ನಾನೇ ಮಾತು ತೆಗೆದೆ. “ನಿನಗೆ ಬೇಡ ಅಂತಿದ್ರೆ ಹೇಳಬಹುದಿತ್ತಲ್ಲ. ಬಾಯಿ ಇರ್ಲಿಲ್ಲವಾ?”

“ನೀವು ಹೇಳಿ ಆದ ಮೇಲೆ ನನಗೆಲ್ಲಿಯ ಬಾಯಿ?”

“ನಿನ್ನ ಒಳ್ಳೇದಕ್ಕೇ ಹೇಳಿದ್ದು.”

“ಗೊತ್ತು.”

“ಹೆಂಡತಿ ಮಕ್ಕಳ ಮುಖ ನೋಡು ಅಂತ…”

“ಗೊತ್ತು ಅಣ್ಣ!” ಗಾಡಿ ನಿಲ್ಲಿಸಿಯೇ ಬಿಟ್ಟ. “ನಿಮಗೆ ವಿಮಾನ ಹತ್ತಲಿಕ್ಕೆ ಹೆದರಿಕೆ. ಯಾವುದು ಹತ್ತಬೇಕು ಅಂತ ಊರಿಗೆಲ್ಲ ಹೇಳಲಿಕ್ಕೆ ಮಾತ್ರ ಹೆದರಿಕೆ ಇಲ್ಲ.”

ನನಗೂ ಸಿಟ್ಟು ಬಂತು. ನಿನ್ನನ್ನು ಓದಿಸಿದವ ಯಾರು ಎಂಬವರೆಗೆ ಮಾತು ಹೋಯಿತು. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವನು ನನ್ನೊಡನೆ ವಾದಕ್ಕೆ ಇಳಿದದ್ದು ಅದೇ ಕೊನೆ.

ಶನಿವಾರ

ಮರುದಿನ ಅವನು ಕೆಂಪು ಗೆರೆಯ ಪರವಾಗಿಯೇ ಬರೆದು ಕೊಟ್ಟ. ಕೊಟ್ಟರೆ ತನ್ನ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಕೊಟ್ಟ. ಸಂಜೆ ಮನೆಗೆ ಬಂದವನು ಬೂಟು ಬಿಚ್ಚದೆ ಕೂತ.

“ಏನಂದ್ರು ಮೇಜರ್?”

“ಪೂರ್ತಿ ಓದಿದ್ರು. 'ನಿನ್ನೆ ಬೆಳಗ್ಗೆ ಕೊಟ್ಟಿದ್ರೆ ಇದು ಸಲಹೆ. ಈಗ ಇದು ನಿಮ್ಮ ಮನೆಯ ಜಗಳ' ಅಂದ್ರು. 'ನನ್ನ ಅಣ್ಣನ ಎದುರು ನಿಮ್ಮ ಅಣ್ಣ ಆಡಿದ ಮಾತನ್ನ ನಾನು ಹೇಗೆ ದಾಟಲಿ' ಅಂತ ನನ್ನನ್ನೇ ಕೇಳಿದ್ರು.”

“ನಾನೇ ಹೋಗಿ ಹೇಳ್ತೇನೆ. ತಿಳಿಯದೆ ಆಡಿದೆ ಅಂತೇನೆ.”

“ಬೇಡ. ಆಮೇಲೆ ಅವರು ನಿಮ್ಮ ಮಾತನ್ನೂ ನಂಬುವುದಿಲ್ಲ, ನನ್ನದನ್ನೂ ನಂಬುವುದಿಲ್ಲ.”

ನಾನು ಹೋಗಲಿಲ್ಲ. ಹೋಗಿದ್ದರೆ ಏನಾಗುತ್ತಿತ್ತೋ. ಹಡಗು ಹತ್ತುವವರೆಗಿನ ದಿನಗಳಲ್ಲಿ ಅವನು ನನಗೆ ಪೇಟೆ ತೋರಿಸಿದ, ನನ್ನ ಮಕ್ಕಳಿಗೆ ಬಟ್ಟೆ ಕೊಡಿಸಿದ, ಬಂದರಿನಲ್ಲಿ ಕಾಲು ಮುಟ್ಟಿದ. ಯಾವುದರಲ್ಲೂ ಕೊರತೆ ಮಾಡಲಿಲ್ಲ.

ಮರಳಿ ಬಂದ ಮೇಲೆ

ಅಲ್ಲಿಗೆ ಹಂಟರುಗಳೇ ಬಂದವು. ಮೇಜರ್ ತಾವಾಗಿಯೇ ರಘುವಿಗೆ ಇನ್ನೂ ಮೂರು ವರ್ಷದ ಕಾಂಟ್ರಾಕ್ಟು ಕೊಡಲು ಬಂದರಂತೆ. ಬೇಡವೆಂದು ಬರೆದುಕೊಟ್ಟ ವಿಮಾನವನ್ನೇ ಹುಡುಗರಿಗೆ ಹೇಗೆ ಕಲಿಸಲಿ ಎಂದು ಇವನು ಒಪ್ಪಲಿಲ್ಲ. ಮಳೆಗಾಲದ ಕೊನೆಗೆ ಗೋರೆಗಾಂವಿಗೆ ಬಂದಿಳಿದ.

“ಭಾವ, ನೀವು ಹೇಳಿದ್ದು ಆಯ್ತು, ನಾನು ಕೇಳಿದ್ದು ಆಗ್ಲಿಲ್ಲ” ಎಂದಳು ಶಾಂತಾ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಯಾರು ಸರಿ ಎಂದು ಕೊನೆಗೂ ಗೊತ್ತಾಗಲಿಲ್ಲ. ಆ ದೇಶಕ್ಕೆ ಯುದ್ಧ ಬರಲಿಲ್ಲ. ಆ ಹಂಟರುಗಳು ಹಬ್ಬದ ದಿನ ಸಾಲಾಗಿ ಹಾರುತ್ತವಂತೆ, ನೋಡಲು ಬಹಳ ಚಂದವಂತೆ. ಗೆರೆ ಸರಿಯೋ ಬದುಕಿ ಬಂದವರ ಮಾತು ಸರಿಯೋ ಎಂದು ನಾನು ಈಗಲೂ ಯೋಚಿಸುತ್ತೇನೆ. ಎರಡನ್ನೂ ಅಳೆದು ನೋಡಬಲ್ಲವನು ಆ ದಿನ ಅಲ್ಲಿ ಒಬ್ಬನೇ ಇದ್ದ, ಅವನೊಬ್ಬನ ಬಾಯಿ ಮಾತ್ರ ಕಟ್ಟಿತ್ತು. ಕಟ್ಟಿದ್ದು ನಾನೊಬ್ಬನೇ ಎಂದು ಒಪ್ಪುವುದಿಲ್ಲ. ನಮ್ಮ ಕ್ರಮ ಕಟ್ಟಿತು, ಅವರ ಕ್ರಮ ಗಂಟು ಹಾಕಿತು. ಆದರೂ ಮಾತು ಹೊರಟದ್ದು ನನ್ನ ಬಾಯಿಂದ.

ರಘು ಈಗ ಫೋರ್ಟಿನ ಒಂದು ಆಫೀಸಿನಲ್ಲಿ ನೀರಿನ ಪಂಪು ಮಾರುತ್ತಾನೆ. ಭಾನುವಾರ ಲೋಕಲಿನಲ್ಲಿ ದಾದರಿಗೆ ಬಂದು, ಗಾಡಿ ಬದಲಿಸಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ. ಸಾರಿಗೆ ಹುಣಿಸೆ ಹಾಕಿದೆ ಎಂದರೆ ಹುಣಿಸೆಯೇ ಸರಿ ಎನ್ನುತ್ತಾನೆ. ಒಂದು ಭಾನುವಾರ ಬೇಕೆಂದೇ ಕೆಣಕಿದೆ.

“ಹಂಟರ್ ಅಂದ್ರೆ ದಂಡ ವಿಮಾನ ಮಾರಾಯ. ನಾನು ಅವತ್ತು ತಪ್ಪು ಹೇಳಿದೆ.”

“ಹೌದು ಅಣ್ಣ.”

“ಅಲ್ಲ, ಯೋಚನೆ ಮಾಡಿದ್ರೆ ಹಂಟರೇ ಒಳ್ಳೇದು.”

“ಅದೂ ಹೌದು” ಎಂದು ಅನ್ನ ಕಲಸಿದ.

ಈಗ ನನಗೆ ಇರುವುದು ಇಷ್ಟು: ಕಾರ್ಖಾನೆಯ ಬೀಗ ತೆಗೆದ ಮೇಲೆ ಮತ್ತೆ ನಡೆಯುತ್ತಿರುವ ಒಂದು ಕ್ಯಾಂಟೀನು, ಮುಲುಂಡಿನಲ್ಲಿ ಎರಡು ಕೋಣೆಯ ಸ್ವಂತ ಮನೆ, ಹೆಂಡತಿ, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು, ನಾನು ಏನು ಹೇಳಿದರೂ ಹೌದೆನ್ನುವ ಒಬ್ಬ ತಮ್ಮ.